ಕಡುಬಿನ ಬಣ್ಣಕ್ಕೆ ಕಾವಲು

ನಾನು ನಿಂತಿದ್ದದ್ದು ಬಣ್ಣದ ಶೆಡ್ಡಿನ ಮೂಡಣ ಬಾಗಿಲಲ್ಲಿ, ಹೊಸ್ತಿಲು ದಾಟಿ ತುಸು ಒಳಗೆ. ಎಡಗಡೆ ನೀರಿನ ತೊಟ್ಟಿ. ಬಲಗಡೆ ಸಾಲಾಗಿ ಒಲೆಗಳು, ನಡುವಿನ ಒಲೆಯ ಮೇಲೆ ದೊಡ್ಡ ಕೊಪ್ಪರಿಗೆ. ೨೦೦೩ರ ದೀಪಾವಳಿ ಕಳೆದು ಬಂದ ವಾರ, ಬೆಳಗಿನ ಹೊತ್ತು. ತೋಟದ ಸಿಲ್ವರ್ ಓಕ್ ಮರಗಳ ತಲೆ ದಾಟಿ ಬಿಸಿಲು ಆಗ ತಾನೇ ಶೆಡ್ಡಿನ ನೆಲಕ್ಕೆ ಇಳಿದಿತ್ತು. ಬೆಳಕು ಚೆನ್ನಾಗಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬಣ್ಣದ ಕೆಲಸದಲ್ಲಿ ಬೆಳಕು ಎಂಥದಿತ್ತು ಎಂದು ಹೇಳದೆ ಏನನ್ನು ಕಂಡೆ ಎಂದು ಹೇಳಿದರೆ ಆ ಮಾತಿಗೆ ಬೆಲೆಯಿಲ್ಲ.

ಇಬ್ಬರು ಹೆಂಗಸರು ಕೊಪ್ಪರಿಗೆಯೊಳಗೆ ಬಿದಿರಿನ ಗಳ ತೂರಿಸಿ ನೂಲಿನ ಲಡಿಗಳನ್ನು ಮೇಲೆತ್ತಿದರು. ನೀರು ಸೋರಿತು. ಹಳದಿ ಬರಬೇಕಾಗಿದ್ದ ನೂಲು ಪಾಚಿ ಹಿಡಿದ ಕಲ್ಲಿನ ಬಣ್ಣಕ್ಕೆ ತಿರುಗಿತ್ತು. ಕೆಲವು ಕಡೆ ಇನ್ನೂ ಕಪ್ಪು. ಹಿಂದಿನ ಸಂಜೆ ಒಲೆಯ ಬೆಂಕಿ ತೆಗೆಸಿ, ಮುಚ್ಚಳ ಹಾಕಿಸಿ ನಾನು ಮನೆಗೆ ಹೋಗುವಾಗ ಅದೇ ನೂಲು ಅದೇ ನೀರಿನಲ್ಲಿ ಹಳದಿಯಾಗಿತ್ತು. ಅದನ್ನೂ ನಾನು ಕಣ್ಣಾರೆ ನೋಡಿದ್ದೆ.

ಗಳದ ಒಂದು ತುದಿ ಹಿಡಿದಿದ್ದ ಗೋಣಿಬೀಡಿನವಳು ಹೇಳಿದಳು: "ಇದೆಂಥ ಕಡುಬು ಮಾರಾಯ್ತಿ! ದನದ ಮುಂದೆ ಇಟ್ರೂ ಮೂಸೂದಿಲ್ಲ."

ಕಡುಬು ಎಂದರೆ ಹಲಸಿನ ಹಣ್ಣಿನ ಕಡುಬು. ನೂಲಿಗೆ ಕಡುಬಿನ ಹೆಸರು ಹೇಗೆ ಬಂತು ಎಂಬುದನ್ನು ಇಲ್ಲಿ ಹೇಳಬೇಕು.

ಆ ಶೆಡ್ಡು ಮೂಡಿಗೆರೆ ತಾಲೂಕಿನ ಒಂದು ಕಾಫಿ ಎಸ್ಟೇಟಿನದು. ಕೊಯ್ಲಿನ ಕಾಲದಲ್ಲಿ ಪಾರ್ಚ್‌ಮೆಂಟ್ ಎಂಬ ತೊಳೆದು ಒಣಗಿಸಿದ ಕಾಫಿ ಬೀಜದ ಮೂಟೆ ಇಡಲು ಕಟ್ಟಿಸಿದ್ದು. ಎಸ್ಟೇಟಿನ ಯಜಮಾನಿ, ನಾವೆಲ್ಲ ಅಮ್ಮಾವ್ರು ಎನ್ನುತ್ತಿದ್ದವರು, ಆ ಮಳೆಗಾಲದಲ್ಲಿ ಅದನ್ನು ಖಾಲಿ ಮಾಡಿಸಿ, ಗಿಡಮರದ ಬಣ್ಣದಲ್ಲಿ ಹತ್ತಿ ನೂಲಿಗೆ ಬಣ್ಣ ಹಾಕುವ ಕೆಲಸ ಶುರುಮಾಡಿದರು. ನಾನು ಕೈಮಗ್ಗದ ಕಡೆ ಬಣ್ಣದ ಕೆಲಸ ಕಲಿತವನು. ಅದಕ್ಕೇ ನನ್ನನ್ನು ಕರೆಸಿದ್ದು. ಹೆಂಗಸರು ನನ್ನನ್ನು ಮಾಸ್ಟ್ರು ಎಂದು ಕರೆಯುತ್ತಿದ್ದರು. ನೂಲು ಕೊಳ್ಳುವಾಕೆ ಬೆಂಗಳೂರಿನಲ್ಲಿ ಅಂಗಡಿ ಇಟ್ಟವರು. ಕೈಯಲ್ಲಿ ಹೆಣೆಯುವವರಿಗೆ, ನೇಯುವವರಿಗೆ ನೂಲು ಮಾರುತ್ತಿದ್ದರು. ನಮ್ಮ ಮೊದಲ ಹಳದಿ, ಮೊದಲ ಕಂದು ನೋಡಿ, "ಇವು ಎಲ್ಲ ಕಡೆ ಸಿಗುತ್ತವೆ, ನಿಮ್ಮ ಊರಿನದೇ ಬಣ್ಣ ಯಾವುದು?" ಎಂದು ಕೇಳಿ ಹೋಗಿದ್ದರು.

ನಮ್ಮ ಊರಿನ ಬಣ್ಣ ಯಾವುದು? ಹಸಿರು ಎಂದರು ಒಬ್ಬರು. ಮಂಜಿನ ಬಣ್ಣ ಎಂದರು ಇನ್ನೊಬ್ಬರು. ಅಮ್ಮಾವ್ರು, "ನೀವೆಲ್ಲ ಚಿಕ್ಕವರಿದ್ದಾಗ ಹಬ್ಬಕ್ಕೆ ಎಂಥ ಸಿಹಿ ತಿಂತಿದ್ರಿ, ಅದನ್ನ ಹೇಳಿ" ಎಂದರು. ಆ ಮಧ್ಯಾಹ್ನ ಶೆಡ್ಡಿನಲ್ಲಿ ಬೇರೆ ಕೆಲಸ ನಡೆಯಲಿಲ್ಲ. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ಕೊನೆಗೆ ಐದು ಸಿಹಿ ಆರಿಸಿಕೊಂಡೆವು. ಕಜ್ಜಾಯ, ಗುಲಾಬಿ ಬಣ್ಣದ ಕೊಬ್ಬರಿ ಮಿಠಾಯಿ, ಎಳ್ಳುಂಡೆ, ಹಾಲುಬಾಯಿ, ಹಲಸಿನ ಕಡುಬು.

ಯಾವ ಸಿಹಿಗೆ ಯಾವ ಬಣ್ಣ ಎಂದು ತೀರ್ಮಾನ ಹೇಳುವವರು ಅಡುಗೆಯಕ್ಕ. ಐವತ್ತು ದಾಟಿದ ಹೆಂಗಸು. ಸುತ್ತಲ ಊರುಗಳ ಮದುವೆ, ನಾಮಕರಣಕ್ಕೆ ಸಿಹಿ ಮಾಡಿಕೊಡುತ್ತಿದ್ದವರು. ಚಿಕ್ಕಮಗಳೂರಿನಿಂದ ಕೇಟರಿಂಗಿನವರು ವ್ಯಾನು ತುಂಬಿಕೊಂಡು ಬರತೊಡಗಿದ ಮೇಲೆ ಅವರನ್ನು ಕರೆಯುವವರು ಕಡಿಮೆಯಾದರು. ಅವರ ಮನೆಯ ಮೂಲೆಯಲ್ಲಿ ಮಗುಚಿ ಬಿದ್ದಿದ್ದ, ಕಲಾಯಿ ಹಾಕಿದ ತಾಮ್ರದ ಕೊಪ್ಪರಿಗೆಯೇ ನಮ್ಮ ದೊಡ್ಡ ಬಣ್ಣದ ಪಾತ್ರೆ. ಅದರ ಜೊತೆಗೆ ಅವರೂ ಬಂದರು.

ಕಡುಬಿನ ಬಣ್ಣಕ್ಕೆ ಜಗಳವೇ ಆಗಿತ್ತು. ಕಳಸದ ಕಡೆಯಿಂದ ಮದುವೆಯಾಗಿ ಬಂದಿದ್ದ ಸಣ್ಣ ಪ್ರಾಯದವಳು ಕಡುಬು ಕೆಂಪು ಎಂದಳು. ಅವಳ ತವರಿನಲ್ಲಿ ಸಾಗುವಾನಿ ಎಲೆಯಲ್ಲಿ ಕಟ್ಟಿ ಬೇಯಿಸುತ್ತಿದ್ದರು, ಎಲೆ ಕೆಂಪು ಬಿಡುತ್ತಿತ್ತು. ಗೋಣಿಬೀಡಿನವಳ ಮನೆಯಲ್ಲಿ ಬಾಳೆ ಎಲೆ.

"ಸಾಗುವಾನಿ ಎಲೇಲಿ ಕಡುಬು ಕಟ್ತಾರಾ? ನಿಮ್ಮೂರಲ್ಲಿ ಬಾಳೆಗೆ ಬರಗಾಲವಾ?"

"ನಮ್ಮೂರ ಕಡುಬು ತಿಂದಿದ್ರೆ ಹೀಗೆ ಹೇಳ್ತಿರ್ಲಿಲ್ಲ ನೀನು. ಎಲೇನೂ ನೆಕ್ತಿದ್ದೆ."

ಅಡುಗೆಯಕ್ಕ ಇಬ್ಬರನ್ನೂ ಸುಮ್ಮನಿರಿಸಿದರು. "ಹೊರಗಿಂದು ಎಲೆ ಬಣ್ಣ ಕಣ್ರೇ. ಅದು ಮನೆಗೊಂದು ಥರ ಇರ್ತದೆ. ಬಿಸಿ ಕಡುಬು ಮುರಿದ್ರೆ ಒಳಗೆ ಕಾಣ್ತದಲ್ಲ, ಅದು ಹಲಸಿಂದು. ಅದನ್ನ ಮಾಡಿ."

ಒಳಗಿನ ಬಣ್ಣ ಎಂದರೆ ಹಳದಿ, ಆದರೆ ಅರಿಶಿನದ ಹಳದಿ ಅಲ್ಲ. ಬೆಲ್ಲ ಬೆರೆತು ಸ್ವಲ್ಪ ಮಬ್ಬಾದ, ಕೆಳಗೆ ಎಲ್ಲೋ ಚಿನ್ನ ಇದ್ದ ಹಾಗೆ ಕಾಣುವ ಹಳದಿ. ಅದಕ್ಕೆ ಹಲಸಿನ ಮರವನ್ನೇ ಹಿಡಿದೆವು. ಹಲಸಿನ ಮರದ ತಿರುಳು ಹಳದಿ, ಕುದಿಸಿದರೆ ಬಣ್ಣ ಬಿಡುತ್ತದೆ. ಮೂಡಿಗೆರೆಯ ಸಾಮಿಲ್ಲಿನಿಂದ ಹಲಸು ಕೊಯ್ದ ದಿನದ ಪುಡಿಯನ್ನು ಚೀಲದಲ್ಲಿ ತಂದೆವು.

ಹತ್ತಿ ನೂಲು ಬಣ್ಣವನ್ನು ಸುಲಭವಾಗಿ ಹಿಡಿಯುವುದಿಲ್ಲ. ಮೊದಲು ಅದನ್ನು ಸೋಡಾ ಹಾಕಿ ಕುದಿಸಿ ಜಿಡ್ಡು ತೆಗೆಯಬೇಕು. ಆಮೇಲೆ ಅಳಲೆಕಾಯಿಯ ಪುಡಿ ಕದಡಿದ ನೀರಿನಲ್ಲಿ ನೆನೆಸಿ ಹಿಂಡಿ ಒಣಗಿಸಬೇಕು. ಆಮೇಲೆ ಪಟಿಕದ ನೀರು. ಇಷ್ಟಾದ ಮೇಲೆ ಬಣ್ಣದ ಪಾತ್ರೆ. ಅಳಲೆಕಾಯಿ ಕುಡಿದ ನೂಲಿಗೆ ಒಂದೇ ಶತ್ರು, ಕಬ್ಬಿಣ. ಕಬ್ಬಿಣ ಸೋಕಿದರೆ ಕಪ್ಪಾಗುತ್ತದೆ. ಎಳ್ಳುಂಡೆಯ ಬಣ್ಣವನ್ನು ನಾವು ಬೇಕೆಂದೇ ಹಾಗೆ ಮಾಡುತ್ತಿದ್ದೆವು. ತುಕ್ಕು ಹಿಡಿದ ಮೊಳೆ, ಬೆಲ್ಲ, ನೀರು ಸೇರಿಸಿ ಮಡಕೆಯಲ್ಲಿ ಹುಳಿಯಲು ಬಿಟ್ಟು ತೆಗೆದ ನೀರಿನಿಂದ. ಆ ಮಡಕೆಯನ್ನು ನಾನು ಶೆಡ್ಡಿನ ಹೊರಗೆ, ಹಿತ್ತಿಲ ಮೂಲೆಯಲ್ಲಿ ಇಡಿಸಿದ್ದೆ. ಅದಕ್ಕೆ ಬೇರೆ ಸೌಟು, ಬೇರೆ ಬಟ್ಟೆ. ಕಬ್ಬಿಣದ ನೀರು ಮುಟ್ಟಿದ ಕೈ ತೊಳೆಯದೆ ಯಾರೂ ಒಳಗೆ ಬರುತ್ತಿರಲಿಲ್ಲ.

ಆದ್ದರಿಂದ ಆ ಬೆಳಿಗ್ಗೆ ನಾನು ಮೊದಲು ಹೋದದ್ದು ಮಡಕೆಯ ಹತ್ತಿರ. ಅದರ ಬಾಯಿಗೆ ಕಟ್ಟಿದ ಬಟ್ಟೆ ಹಾಗೇ ಇತ್ತು. ಯಾರಾದರೂ ಕೊಪ್ಪರಿಗೆಗೆ ಏನಾದರೂ ಹಾಕಿದಿರಾ ಎಂದು ಎಲ್ಲರನ್ನೂ ಕೇಳಿದೆ. ಯಾರೂ ಹಾಕಿರಲಿಲ್ಲ. ಸುಳ್ಳು ಹೇಳುವವರು ಅಲ್ಲಿ ಯಾರೂ ಇರಲಿಲ್ಲ, ಮತ್ತು ಯಾರೂ ಸುಳ್ಳು ಹೇಳಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ.

ಅಮ್ಮಾವ್ರು ಬಂದು ಲಡಿಯನ್ನು ಬೆರಳಿನಲ್ಲಿ ಎತ್ತಿ ನೋಡಿದರು. ಬೈಯುವ ಸ್ವಭಾವ ಅವರದಲ್ಲ.

"ನೋಡಿ ಮಾಸ್ಟ್ರೇ, ಕಾಫಿ ಹಣ್ಣು ಕೆಂಪಾಗ್ತಾ ಬಂತು. ಬೆಂಗಳೂರಿನವರು ಬಂದು ಐದು ಬಣ್ಣನೂ ಒಪ್ಪಿದ್ರೆ ಶೆಡ್ಡು ನಿಮಗೇ ಇರ್ಲಿ, ನಾನು ಬೇರೆ ಏನಾದ್ರೂ ದಾರಿ ನೋಡ್ತೀನಿ. ಇಲ್ಲಾಂದ್ರೆ ಪಾರ್ಚ್‌ಮೆಂಟ್ ಇಡ್ಲಿಕ್ಕೆ ನನಗೆ ಇದೇ ಜಾಗ ಬೇಕು. ಕಾಫಿ ಪಕ್ಕ ನಿಮ್ಮ ಬಣ್ಣ ಕುದಿಸ್ಲಿಕ್ಕೆ ಆಗೂದಿಲ್ಲ, ವಾಸನೆ ಎಳ್ಕೊಳ್ತದೆ."

ಅದು ನ್ಯಾಯವಾದ ಮಾತು. ಹೆಂಗಸರು ತಲೆ ತಗ್ಗಿಸಿ ಕೇಳಿದರು. ಶೆಡ್ಡು ಹೋದರೆ ಉಳಿದವರಿಗೆ ತೋಟದ ಕೆಲಸ ಇದ್ದೇ ಇತ್ತು. ಅಡುಗೆಯಕ್ಕನಿಗೆ ಗುಡ್ಡ ಹತ್ತಿ ಹಣ್ಣು ಕೊಯ್ಯುವ ಮೊಣಕಾಲು ಇರಲಿಲ್ಲ. ಅವರಿಗೆ ಕೊಪ್ಪರಿಗೆಯನ್ನು ಮತ್ತೆ ಮನೆಗೆ ಹೊತ್ತುಕೊಂಡು ಹೋಗಿ ಮಗುಚಿ ಹಾಕುವುದೊಂದೇ ಉಳಿಯುತ್ತಿತ್ತು.

ಹುಡುಕಲು ಶುರುಮಾಡಿದೆ. ಮೊದಲ ಅನುಮಾನ ನೀರಿನ ಮೇಲೆ. ಮಳೆಗಾಲದಲ್ಲಿ ಗುಡ್ಡದ ಝರಿಯ ನೀರು ಪೈಪಿನಲ್ಲಿ ಬರುತ್ತಿತ್ತು. ಅದು ಸಣ್ಣದಾಗುತ್ತಾ ಬಂದದ್ದರಿಂದ ಬೋರ್‌ವೆಲ್ಲಿಗೆ ಹೊಸ ಪಂಪು ಕೂರಿಸಿದ್ದರು. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇರುವುದು ಎಲ್ಲರಿಗೂ ಗೊತ್ತು, ಬಟ್ಟೆ ಒಗೆದರೆ ಕಾಣುತ್ತದೆ. ಪಂಪು ಕೂರಿಸಿದ ಮೆಕ್ಯಾನಿಕ್ಕನ್ನು ಕರೆಸಿದೆವು. ಮೂಡಿಗೆರೆಯಲ್ಲಿ ಅಂಗಡಿ ಇಟ್ಟ ಬ್ಯಾರಿ ಅವನು, ಸುತ್ತಲ ಎಲ್ಲ ಎಸ್ಟೇಟಿನ ಪಂಪು, ಕಾಫಿ ಹಣ್ಣು ಸುಲಿಯುವ ಪಲ್ಪರ್ ರಿಪೇರಿ ಮಾಡುವವನು.

"ನಿನ್ನ ಪಂಪಿನ ತುಕ್ಕು ನಮ್ಮ ನೂಲಿಗೆ ಬಂತು" ಎಂದೆ.

"ಎಂಥ ತುಕ್ಕು ಮಾರಾಯ್ರೇ? ಪೈಪು ಪೂರಾ ಪ್ಲಾಸ್ಟಿಕ್ಕು. ಪ್ಲಾಸ್ಟಿಕ್ಕಿಗೆ ತುಕ್ಕು ಬಂದದ್ದು ಎಲ್ಲಾದ್ರೂ ಕೇಳಿದ್ದೀರಾ?"

"ಒಳಗೆ ಕಬ್ಬಿಣ ಇಲ್ವಾ?"

"ಇದ್ರೆ ನೋಡುವ. ಆದ್ರೆ ಕೆಸರಾದ್ರೆ ನೀವೇ ಒರೆಸ್ಬೇಕು."

ಅವನು ಪಂಪನ್ನು ಬಿಚ್ಚಿ ಗೋಣಿಯ ಮೇಲೆ ಒಂದೊಂದೇ ಭಾಗ ಹರಡಿ ತೋರಿಸಿದ. ತುಕ್ಕು ಇರಲಿಲ್ಲ. ನಾನು ತೊಟ್ಟಿಯಲ್ಲಿದ್ದ ಆ ನೀರನ್ನು ಸಣ್ಣ ಸ್ಟೀಲ್ ಪಾತ್ರೆಯಲ್ಲಿ ಹಿಡಿದು, ಹಲಸಿನ ಪುಡಿ ಹಾಕಿ, ಒಂದು ಲಡಿಯನ್ನು ಕುದಿಸಿದೆ. ಹಳದಿ ಬಂತು. ಝರಿಯ ನೀರಿನದಕ್ಕಿಂತ ಸ್ವಲ್ಪ ಮಂಕು, ಅಷ್ಟೆ.

ಎರಡನೆಯ ಅನುಮಾನ ಕೊಪ್ಪರಿಗೆಯ ಕಲಾಯಿಯ ಮೇಲೆ. ಅದು ಸವೆದು ತಾಮ್ರ ಕಾಣುತ್ತಿದ್ದರೆ ಹಳದಿ ಹಸಿರಿಗೆ ತಿರುಗಬಹುದು. ಹುಣಸೆಹಣ್ಣಿನಲ್ಲಿ ಉಜ್ಜಿ, ಬಿಸಿಲಿಗೆ ಒಡ್ಡಿ ಬೆರಳಾಡಿಸಿ ನೋಡಿದೆ. ಕಲಾಯಿ ಗಟ್ಟಿಯಾಗಿತ್ತು. ಅದರಲ್ಲೇ ಸ್ವಲ್ಪ ನೀರು ಹಾಕಿ, ಹಗಲಿನಲ್ಲೇ ಒಂದು ಲಡಿ ಕುದಿಸಿದೆ. ಹಳದಿ. ಮೂರನೆಯ ಅನುಮಾನ ಸಾಮಿಲ್ಲಿನ ಪುಡಿಯಲ್ಲಿ ಬೇರೆ ಮರದ್ದು ಬೆರೆತಿದೆಯೇ ಎಂದು. ಚೀಲದ ತಳದಿಂದ, ನಡುವಿನಿಂದ, ಮೇಲಿನಿಂದ ಬೇರೆ ಬೇರೆ ತೆಗೆದು ಕುದಿಸಿದೆ. ಎಲ್ಲವೂ ಹಳದಿ. ಅಡುಗೆಯಕ್ಕ ಒಂದೊಂದನ್ನೂ ಬಿಸಿಲಿಗೆ ಹಿಡಿದು, "ಇದು ಕಡುಬು. ಇದೂ ಕಡುಬು. ಇದಕ್ಕೆ ಬೆಲ್ಲ ಸ್ವಲ್ಪ ಕಡಿಮೆ" ಎನ್ನುತ್ತಿದ್ದರು.

ಹಗಲು ಸಣ್ಣದಾಗಿ ಮಾಡಿದ್ದೆಲ್ಲ ಸರಿ ಬರುತ್ತಿತ್ತು. ಧೈರ್ಯ ಮಾಡಿ ಎರಡನೆಯ ಸಲ ಕೊಪ್ಪರಿಗೆ ತುಂಬಿದೆವು. ಸಂಜೆವರೆಗೆ ಕುದಿಸಿ, ಬೆಂಕಿ ತೆಗೆದು, ನೂಲು ಬಣ್ಣದಲ್ಲೇ ತಣಿಯಲಿ ಎಂದು ಮುಚ್ಚಳ ಹಾಕಿ ಬಿಟ್ಟೆವು. ದೊಡ್ಡ ಪಾತ್ರೆಗೆ ಅದೇ ಪದ್ಧತಿ. ಕೊಬ್ಬರಿ ಮಿಠಾಯಿ, ಹಾಲುಬಾಯಿಯ ಬಣ್ಣಗಳನ್ನು ಸಣ್ಣ ಪಾತ್ರೆಯಲ್ಲಿ ಹಗಲೇ ಮುಗಿಸಿದ್ದೆವು. ಬೆಳಿಗ್ಗೆ ಎತ್ತಿದರೆ ಮತ್ತೆ ಪಾಚಿ.

ಆ ದಿನ ನಾನು ಹೆದರಿದೆ. ಕೆಲಸ ಕೆಟ್ಟದ್ದಕ್ಕೆ ಅಲ್ಲ, ಕೆಲಸ ಕೆಡುವುದು ಇದ್ದದ್ದೇ. ಕಾರಣ ಕಾಣದೆ ಕೆಟ್ಟದ್ದಕ್ಕೆ. ಸಂಜೆ ಕಂಡ ಹಳದಿ ನಿಜವೋ, ನನ್ನ ಕಣ್ಣಿನ ಆಸೆಯೋ ಎಂದು ನನಗೇ ಅನುಮಾನ ಬಂತು. ಅಂದಿನಿಂದ ಸಂಜೆ ಮುಚ್ಚಳ ಹಾಕುವ ಮೊದಲು ಕಳಸದವಳನ್ನೂ ಗೋಣಿಬೀಡಿನವಳನ್ನೂ ಕರೆದು, "ಏನು ಬಣ್ಣ ಕಾಣುತ್ತಿದೆ ಹೇಳಿ" ಎಂದು ಕೇಳತೊಡಗಿದೆ. "ಹಳದಿ ಮಾಸ್ಟ್ರೇ. ನಿಮಗೇನು ಕಾಣ್ತದೆ?" ಎಂದು ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು.

ಮೂರನೆಯ ಸಲ ತುಂಬಿದ ಮರುದಿನ, ಎಲ್ಲರಿಗಿಂತ ಮೊದಲೇ ಬಂದುಬಿಡಬೇಕೆಂದು ಹೊರಟೆ. ಆದರೂ ಅಡುಗೆಯಕ್ಕ ನನಗಿಂತ ಮುಂಚೆ ಬಂದಿದ್ದರು. ಇಬ್ಬರು ಹೆಂಗಸರೂ ಇದ್ದರು, ಗಳ ಒರೆಸುತ್ತಿದ್ದರು. ಬಿಚ್ಚಿದ ಪಂಪನ್ನು ಮತ್ತೆ ಜೋಡಿಸಲು ಮೆಕ್ಯಾನಿಕ್ ಬಂದಿದ್ದ. ನಾನು ಮೂಡಣ ಬಾಗಿಲಲ್ಲೇ ನಿಂತೆ. ಅಡುಗೆಯಕ್ಕ ಮುಚ್ಚಳ ಸರಿಸಿ, ತೋಳಿನವರೆಗೆ ಕೈಯನ್ನು ಕೊಪ್ಪರಿಗೆಯೊಳಗೆ ಇಳಿಸಿ, ತಳದಿಂದ ಏನನ್ನೋ ತೆಗೆದರು. ಚೊಂಬಿನ ನೀರಿನಲ್ಲಿ ಅದನ್ನು ತೊಳೆದು, ಸೆರಗಿನ ತುದಿಗೆ ಕಟ್ಟಿಕೊಂಡರು. ಎಲ್ಲರೂ ನೋಡುತ್ತಲೇ ಇದ್ದರು. ಯಾರ ಮುಖದಲ್ಲೂ ಏನೂ ಇರಲಿಲ್ಲ. ಒಲೆಯಿಂದ ಬೂದಿ ತೆಗೆಯುವುದನ್ನು ನೋಡುವ ಹಾಗೆ ನೋಡುತ್ತಿದ್ದರು.

"ಅಕ್ಕಾ, ಅದೇನು?"

"ಯಾವುದು?"

"ಈಗ ತೆಗೆದದ್ದು."

"ಇದಾ? ಕಬ್ಬಿಣ."

ಅನ್ನಕ್ಕೆ ಏನು ಹಾಕುತ್ತೀರಿ ಎಂದು ಕೇಳಿದರೆ ನೀರು ಎನ್ನುವ ಧ್ವನಿಯಲ್ಲಿ ಹೇಳಿದರು. ಸೆರಗು ಬಿಚ್ಚಿ ತೋರಿಸಿದರು. ಮುರಿದ ಕುಡುಗೋಲಿನ ತುದಿ, ಬೆರಳುದ್ದದ್ದು, ತುಕ್ಕು ತಿಂದದ್ದು.

"ಅದನ್ನ ಯಾಕೆ ಇದರೊಳಗೆ..."

"ಸಿಹಿ ಪದಾರ್ಥ ರಾತ್ರಿ ಹೊರಗೆ ಇಡುವಾಗ ಕಬ್ಬಿಣ ಇಡದೇ ಇರ್ತಾರಾ ಮಾಸ್ಟ್ರೇ? ಇದೇನು ಮನೆಯಾ, ತೋಟದ ನಡುವಿನ ಶೆಡ್ಡು. ಗಾಳಿ ಗೀಳಿ ಓಡಾಡುವ ಜಾಗ."

"ಅಕ್ಕಾ, ಇದು ನೂಲು. ಸಿಹಿ ಅಲ್ಲ."

"ಅದಕ್ಕೆ ಕಡುಬು ಅಂತ ಹೆಸರಿಟ್ಟದ್ದು ಯಾರು, ನಾನಾ?"

ನಮ್ಮ ಮನೆಯಲ್ಲೂ ಹೀಗೆಯೇ. ಹಬ್ಬದ ಸಿಹಿಯನ್ನು ನೆಂಟರ ಮನೆಗೆ ಒಯ್ಯುವಾಗ ಡಬ್ಬಿಯಲ್ಲಿ ಇದ್ದಲಿನ ಚೂರೋ ಮೊಳೆಯೋ ಇರುತ್ತಿತ್ತು. ತಿನ್ನುವಾಗ ಅದನ್ನು ಪಕ್ಕಕ್ಕಿಟ್ಟು ತಿನ್ನುತ್ತಿದ್ದೆವು. ನಾನು ಎಲ್ಲರನ್ನೂ ಏನು ಹಾಕಿದಿರಿ ಎಂದು ಕೇಳಿದ್ದೆ. ಪುಡಿ, ಪಟಿಕ, ನೀರು ಹಾಕಿದ್ದರು. ಕಬ್ಬಿಣವನ್ನು ಯಾರೂ ಆ ಲೆಕ್ಕದಲ್ಲಿ ಸೇರಿಸಿರಲಿಲ್ಲ. ಹಿತ್ತಿಲ ಮಡಕೆಯ ಕಬ್ಬಿಣದ ನೀರು ಅವರಿಗೆ ಬಣ್ಣದ ಸಾಮಾನು. ಸೆರಗಿನ ಕಬ್ಬಿಣ ಕಾವಲು. ಎರಡೂ ಒಂದೇ ವಸ್ತು ಎಂದು ಅವರ ಮನಸ್ಸಿನಲ್ಲಿ ಯಾವತ್ತೂ ಎದುರುಬದುರು ಕೂತಿರಲಿಲ್ಲ.

ಬಾಯಲ್ಲಿ ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಹಗಲು ಮಾಡಿದ್ದ ಹಳದಿ ಲಡಿಯೊಂದನ್ನು ಒದ್ದೆ ಮಾಡಿ ಒಗೆಯುವ ಕಲ್ಲಿನ ಮೇಲೆ ಹರಡಿದೆ. ಅಡುಗೆಯಕ್ಕನ ಕೈಯಿಂದ ಕುಡುಗೋಲಿನ ತುದಿಯನ್ನು ಇಸಿದುಕೊಂಡು ಅದರ ಮೇಲಿಟ್ಟೆ. ಎಲ್ಲರೂ ಬಗ್ಗಿ ನಿಂತರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಬ್ಬಿಣದ ಅಂಚಿನಲ್ಲಿ ಸಣ್ಣ ನೆರಳು ಬಿದ್ದ ಹಾಗಾಯಿತು. ನೆರಳು ನಿಧಾನವಾಗಿ ಹರಡಿತು. ಕಬ್ಬಿಣ ಎತ್ತಿದಾಗ ಕುಡುಗೋಲಿನ ತುದಿಯ ಆಕಾರ ಕಪ್ಪಾಗಿ ನೂಲಿನ ಮೇಲೆ ಕೂತಿತ್ತು.

"ಅಂತೂ ನನ್ನ ಪಂಪು ಬಚಾವ್" ಎಂದ ಮೆಕ್ಯಾನಿಕ್. ಯಾರೂ ನಗಲಿಲ್ಲ.

ಅಡುಗೆಯಕ್ಕ ಬೆರಳಿನಿಂದ ಆ ಕಪ್ಪನ್ನು ಉಜ್ಜಿ ನೋಡಿದರು. ಹೋಗಲಿಲ್ಲ. "ಹಾಗಾದ್ರೆ ಇಷ್ಟು ಸಲಾನೂ ನಾನೇ ಕೆಡಿಸಿದ್ದು" ಎಂದರು. ಅವರು ಕಬ್ಬಿಣ ತೆಗೆದುಕೊಂಡು, ಸೆರಗಿಗೆ ಕಟ್ಟಿ, ಹೊಸ್ತಿಲು ದಾಟಿ ಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಕಳಸದವಳು ಕರೆಯಲು ಹೋದರೆ ಮೊಣಕಾಲು ನೋವು ಎಂದು ಹೇಳಿ ಕಳಿಸಿದರು.

ಕಾರಣ ಸಿಕ್ಕಿತ್ತು. ಅವರಿಲ್ಲದೆಯೂ ಕೆಲಸ ನಡೆಯಬಹುದಿತ್ತು, ಹಾಗೆಂದು ಅಮ್ಮಾವ್ರೂ ಹೇಳಿದರು. ಅಷ್ಟರಲ್ಲಿ ಕಜ್ಜಾಯದ ಬಣ್ಣ ಇನ್ನಷ್ಟು ಬೇಕಾಗಿತ್ತು. ಕೊಳ್ಳುವಾಕೆಗೆ ಎಲ್ಲಕ್ಕಿಂತ ಮೊದಲು ಕಳಿಸಿದ್ದು ಕಜ್ಜಾಯದ ಲಡಿ. ಅದನ್ನು ನೋಡಿಯೇ ಅವರು ಬರುತ್ತೇನೆಂದು ಹೇಳಿ ಕಳಿಸಿದ್ದರು. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಿಂದ ಮಾಡಿದ ಬಣ್ಣ ಅದು. ಅದೇ ಚೊಗರು, ಅದೇ ಅಳತೆ, ಅದೇ ಕೊಪ್ಪರಿಗೆ. ರಾತ್ರಿ ತಣಿಯಲು ಬಿಟ್ಟು ಬೆಳಿಗ್ಗೆ ಎತ್ತಿದೆವು.

ಗೋಣಿಬೀಡಿನವಳು ಮೂಗು ಮುರಿದಳು. "ಇದು ಕಜ್ಜಾಯವಾ? ಎಲೆಯಡಿಕೆ ಉಗಿದ ಹಾಗಿದೆ."

ಅವಳು ಹೇಳಿದ್ದು ಸರಿ. ಬರೀ ಕೆಂಪು. ತುಪ್ಪದಲ್ಲಿ ಬೆಂದ ಕಜ್ಜಾಯದ ಆ ಕಂದು, ಅಂಚಿನಲ್ಲಿ ಸ್ವಲ್ಪ ಸೀದ ಹಾಗಿನ ಆಳ, ಅದರಲ್ಲಿ ಇರಲಿಲ್ಲ. ನಾನು ಕಲ್ಲಿನ ಮೇಲೆ ಕೂತು, ಮೊದಲ ಸಲ ಇದ್ದದ್ದು ಈ ಸಲ ಏನಿಲ್ಲ ಎಂದು ಲೆಕ್ಕ ಹಾಕಿದೆ. ಆಮೇಲೆ ಎದ್ದು, ಒಂದು ಲಡಿಯನ್ನು ಸಣ್ಣ ಪಾತ್ರೆಯಲ್ಲಿ ಹಾಕಿ, ಗೋಡೆಯಲ್ಲಿದ್ದ ತುಕ್ಕು ಮೊಳೆಯೊಂದನ್ನು ಕಿತ್ತು ಅದರೊಳಗೆ ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಕಜ್ಜಾಯ ಬಂತು.

ದೀಪಾವಳಿಗೆ ಮುಂಚೆಯೂ ಕುಡುಗೋಲಿನ ತುದಿ ಕೊಪ್ಪರಿಗೆಯ ತಳದಲ್ಲಿ ಇತ್ತು. ನಾವೆಲ್ಲ ಮೆಚ್ಚಿಕೊಂಡ ಬಣ್ಣದಲ್ಲಿ ಅದು ಕರಗಿತ್ತು.

ಆ ಸಂಜೆಯೇ ಅವರ ಮನೆಗೆ ಹೋದೆ, ಎರಡು ಲಡಿ ಹಿಡಿದುಕೊಂಡು. ಅಡುಗೆಯಕ್ಕ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಕೂರಲು ಚಾಪೆ ಹಾಕಿದರು, ಕಾಫಿ ಕೊಟ್ಟರು, ಶೆಡ್ಡಿನ ಮಾತು ತೆಗೆಯಲಿಲ್ಲ. ಲಡಿಗಳನ್ನು ಅವರ ಮುಂದಿಟ್ಟೆ.

"ಇದು ಕಬ್ಬಿಣ ಇಲ್ಲದ ಕಜ್ಜಾಯ. ಇದು ಇರುವುದು."

ಎರಡನ್ನೂ ಅಂಗಳದ ಬೆಳಕಿಗೆ ಒಯ್ದು ನೋಡಿದರು. "ಇದು ಹಿಟ್ಟು ಬೇಯದ್ದು" ಎಂದು ಮೊದಲನೆಯದನ್ನು ನನ್ನ ಕಡೆ ಸರಿಸಿದರು. ಇನ್ನೊಂದನ್ನು ಮಡಿಲಿನಲ್ಲಿ ಇಟ್ಟುಕೊಂಡರು.

"ಕಜ್ಜಾಯಕ್ಕೆ ಕಬ್ಬಿಣ ನೀವೇ ಇಡಬೇಕು ಅಕ್ಕಾ. ಎಷ್ಟು ಹೊತ್ತು ಅಂತ ನಾವು ಸೇರಿ ನೋಡುವ. ಕಡುಬಿಗೆ ಮಾತ್ರ ಬೇಡ."

"ಕಡುಬು ಬಿಟ್ಟಿ ಬಿದ್ದದ್ದಾ? ಅದಕ್ಕೆ ಕಾವಲು ಬೇಡ್ವಾ?"

"ಮುಚ್ಚಳದ ಮೇಲೆ ಇಟ್ಟರೆ?"

"ಮುಚ್ಚಳದ ಮೇಲೆ ಇಟ್ರೆ ಮುಚ್ಚಳಕ್ಕೆ ಕಾವಲು. ಒಳಗಿಂದಕ್ಕೆ?"

ನಾನು ನಕ್ಕೆ. ಅವರು ನಗಲಿಲ್ಲ. ಅವರು ಹಾಸ್ಯ ಮಾಡುತ್ತಿರಲಿಲ್ಲ. ಅಕ್ಕಿಯ ಮೊರವನ್ನು ಪಕ್ಕಕ್ಕಿಟ್ಟು ಯೋಚಿಸಿದರು.

"ಮದುವೆ ಮನೇಲಿ ನಾವು ಕಬ್ಬಿಣ ಇಡ್ತಿರ್ಲಿಲ್ಲ" ಎಂದರು ಕೊನೆಗೆ. "ರಾತ್ರಿ ಪೂರ ಅಡುಗೆ ಮನೇಲಿ ಜನ ಎದ್ದೇ ಇರ್ತಿದ್ರು. ಪಾತ್ರೆ ಹತ್ರ ಮನುಷ್ಯರು ಇದ್ರೆ ಕಬ್ಬಿಣ ಯಾಕೆ? ನಾನೇ ಕೂರ್ತೀನಿ."

ಅಮ್ಮಾವ್ರಿಗೆ ಹೇಳಿದಾಗ ಅವರು ನನ್ನ ಮುಖ ನೋಡಿದರು. "ಒಂದು ಮೊಳೆ ಇಡಬೇಡಿ ಅಂದ್ರೆ ಮುಗೀತಲ್ಲ ಮಾಸ್ಟ್ರೇ,  ಒಬ್ಬರು ರಾತ್ರಿ ನಿದ್ದೆ ಕೆಡಬೇಕಾ?" ಎಂದರು. ಮುಗಿಯುತ್ತದೆ, ಆದರೆ ಅಕ್ಕ ಬರುವುದಿಲ್ಲ ಎಂದೆ. ಅವರು ಎರಡು ಕಂಬಳಿ, ಫ್ಲಾಸ್ಕು ತುಂಬ ಕಾಫಿ ಕಳಿಸಿದರು. ಕಡುಬಿನ ಕೊಪ್ಪರಿಗೆ ಮತ್ತೆ ತುಂಬಿದ ಸಂಜೆ ಅಡುಗೆಯಕ್ಕನ ಜೊತೆಗೆ ಇಬ್ಬರು ಹೆಂಗಸರೂ ಉಳಿದರು, ಸರದಿಯ ಮೇಲೆ. ನಾನು ಮನೆಗೆ ಹೋದೆ.

ಬೆಳಿಗ್ಗೆ ಬಂದಾಗ ಕೊಳ್ಳುವಾಕೆಯ ಕಾರು ಆಗಲೇ ಬಂದಿತ್ತು. ಚಿಕ್ಕಮಗಳೂರಿನಲ್ಲಿ ಉಳಿದಿದ್ದವರು ನಸುಕಿಗೇ ಹೊರಟಿದ್ದರಂತೆ. ಪರೀಕ್ಷೆ ಮಾಡಿ ನೋಡಲು ನನಗೆ ಸಮಯ ಸಿಗಲಿಲ್ಲ. ಅವರು, ಅಮ್ಮಾವ್ರು ಇಬ್ಬರೂ ಕೊಪ್ಪರಿಗೆಯ ಮುಂದೆ ನಿಂತಿದ್ದರು. ಪಂಪಿನ ಕೆಲಸ ಮುಗಿಸಲು ಬಂದಿದ್ದ ಮೆಕ್ಯಾನಿಕ್ ಕೈ ಒರೆಸಿಕೊಂಡು ಹಿಂದೆ ನಿಂತಿದ್ದ. ನಾನು ತಲೆಯಾಡಿಸಿದೆ. ಗಳ ಒಳಗೆ ಹೋಯಿತು.

ಲಡಿಗಳು ಮೇಲೆದ್ದಾಗ ಶೆಡ್ಡಿನೊಳಗೆ ಯಾರೋ ದೀಪ ತಂದ ಹಾಗಾಯಿತು. ಹಳದಿ. ಬೆಲ್ಲ ಬೆರೆತ, ಅಡಿಯಲ್ಲಿ ಚಿನ್ನ ಇರುವ ಹಳದಿ. ಅದಕ್ಕಿಂತ ನನಗೆ ಆಶ್ಚರ್ಯವಾದದ್ದು ಬೇರೆ. ಒಂದು ಲಡಿಯಲ್ಲೂ ಮಚ್ಚೆಯಿರಲಿಲ್ಲ. ದೊಡ್ಡ ಪಾತ್ರೆಯಲ್ಲಿ ತಣಿಯಲು ಬಿಟ್ಟ ನೂಲಿನಲ್ಲಿ ಮಡಿಕೆ ಬಿದ್ದ ಕಡೆ ಬಣ್ಣ ತೆಳುವಾಗುವುದು ಸಾಮಾನ್ಯ. ನಾನು ಅದನ್ನು ಒಪ್ಪಿಕೊಂಡೇ ಕೆಲಸ ಮಾಡುತ್ತಿದ್ದೆ.

"ರಾತ್ರಿ ಏನು ಮಾಡಿದಿರಿ?" ಎಂದೆ.

"ಎಂಥ ಮಾಡೂದು?" ಎಂದಳು ಕಳಸದವಳು, ಕಣ್ಣು ಉಜ್ಜಿಕೊಳ್ಳುತ್ತಾ. "ಅಕ್ಕ ಬಿಡ್ಬೇಕಲ್ಲ. ಕೂತವರು ಸುಮ್ಮನೆ ಕೂರ್ಬಾರ್ದು, ತಿರುವಿ ತಿರುವಿ ಅಂತ. ತಳ ಹಿಡೀತದಂತೆ."

ತಣ್ಣಗಿನ ನೂಲು ತಳ ಹಿಡಿಯುವುದಿಲ್ಲ. ಆದರೆ ರಾತ್ರಿಯಿಡೀ ತಿರುವಿದ ನೂಲು ಒಂದೇ ಸಮ ಬಣ್ಣ ಕುಡಿಯುತ್ತದೆ. ಆಮೇಲೆ ಆ ಶೆಡ್ಡಿನಲ್ಲಿ ದೊಡ್ಡ ಪಾತ್ರೆಯನ್ನು ರಾತ್ರಿ ಹಾಗೇ ಬಿಡುವ ಪದ್ಧತಿಯನ್ನು ನಾವು ಕೈಬಿಟ್ಟೆವು.

ಕೊಳ್ಳುವಾಕೆ ಲಡಿಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ಹೋದರು. ನೀರು ಸೋರಿ ಅವರ ಸೀರೆ ಒದ್ದೆಯಾಯಿತು, ಗಮನಿಸಲಿಲ್ಲ. ನಮಗೆ ಬೆನ್ನು ಹಾಕಿ ಅದನ್ನೇ ತಿರುಗಿಸಿ ನೋಡಿದರು. ತಿರುಗಿದಾಗ, "ನಮ್ಮಜ್ಜಿ ಇದನ್ನ ಅರಿಶಿನದ ಎಲೆಯಲ್ಲಿ ಕಟ್ಟುತ್ತಿದ್ದರು" ಎಂದರು.

ಗೋಣಿಬೀಡಿನವಳು ಕಳಸದವಳ ಪಕ್ಕೆ ತಿವಿದಳು. "ಕೇಳ್ದ್ಯಾ? ಇನ್ನೊಂದು ಎಲೆ."

ಐದು ಬಣ್ಣವೂ ಅವರಿಗೆ ಒಪ್ಪಿಗೆಯಾದವು. ಪ್ರತಿ ಬಣ್ಣದಲ್ಲೂ ಬೇಸಿಗೆಯವರೆಗೆ ನೂಲು ಬೇಕೆಂದರು. ಅಮ್ಮಾವ್ರು ಅವರನ್ನು ತಿಂಡಿಗೆ ಬಂಗಲೆಗೆ ಕರೆದುಕೊಂಡು ಹೋಗುವಾಗ ಅಂಗಳದಲ್ಲಿ ನಿಂತು ರೈಟರನ್ನು ಕರೆದರು. ಎಸ್ಟೇಟಿನ ಲೆಕ್ಕ ನೋಡುವ ಆ ಮನುಷ್ಯ ಓಡಿ ಬಂದ.

"ಕಾರ್ ಶೆಡ್ಡು ತೊಳೆಸಿ ಒಣಗಿಸ್ಬಿಡಿ. ಈ ವರ್ಷ ಪಾರ್ಚ್‌ಮೆಂಟ್ ಅಲ್ಲಿ."

"ಕಾರು ಅಮ್ಮಾ?"

"ಹೊರಗೆ ನಿಲ್ಲಲಿ. ಕಾರಿಗೆ ಯಾವ ವಾಸನೆಯಾದ್ರೇನು?"

ಶೆಡ್ಡಿನೊಳಗೆ ಅದು ಎಲ್ಲರಿಗೂ ಕೇಳಿಸಿತು. ಅಡುಗೆಯಕ್ಕ ಕೊಪ್ಪರಿಗೆಯನ್ನು ಓರೆ ಮಾಡಿ ಬಣ್ಣದ ನೀರು ಚೆಲ್ಲಿದರು, ತೊಳೆದರು. ಮನೆಗೆ ಒಯ್ಯುವಂತೆ ಮಗುಚಲಿಲ್ಲ. ಮತ್ತೆ ಒಲೆಯ ಮೇಲೇ ಕೂರಿಸಿದರು.

ನಾನು ಬರೆದದ್ದರಲ್ಲಿ ಹೆಚ್ಚು ಕಡಿಮೆ ಇದ್ದರೆ ಹೇಳಬಲ್ಲವರು ಇನ್ನೂ ಇದ್ದಾರೆ. ಅಮ್ಮಾವ್ರು ಈಗಿಲ್ಲ. ಕೊಳ್ಳುವಾಕೆ ಅಂಗಡಿ ಮುಚ್ಚಿ ಊರು ಬಿಟ್ಟರೆಂದು ಕೇಳಿದೆ, ಈಗ ಎಲ್ಲಿದ್ದಾರೋ ತಿಳಿಯದು. ಕಲ್ಲಿನ ಮೇಲೆ ನೂಲು ಕಪ್ಪಾದದ್ದನ್ನೂ, ಆಮೇಲೆ ಕೊಪ್ಪರಿಗೆಯಿಂದ ಹಳದಿ ಎದ್ದದ್ದನ್ನೂ ಎರಡನ್ನೂ ಕಂಡವರು, ನನ್ನನ್ನು ಬಿಟ್ಟು, ನಾಲ್ವರು. ಮೆಕ್ಯಾನಿಕ್ ಮೊಯ್ದಿನ್, ಅಂಗಡಿಯನ್ನು ಮಗನಿಗೆ ಬಿಟ್ಟು ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿರುತ್ತಾನೆ. ಗೋಣಿಬೀಡಿನ ಗಿರಿಜಾ. ಕಳಸದ ಸುಶೀಲಾ, ಈಗ ಅವಳದೇ ಒಂದು ಬಣ್ಣದ ಮನೆ ಇದೆ. ಮತ್ತು ಜಲಜಕ್ಕ, ನಾನು ಇಷ್ಟು ಹೊತ್ತು ಅಡುಗೆಯಕ್ಕ ಎಂದು ಬರೆದವರು. ಹೋದ ತಿಂಗಳು ನೋಡಲು ಹೋಗಿದ್ದೆ. ಅವರಿಗೆ ಎಲ್ಲವೂ ನೆನಪಿದೆ. ಆ ಕಡುಬಿಗೆ ಇನ್ನೊಂದು ಕುದಿ ಬೇಕಿತ್ತು ಎನ್ನುತ್ತಾರೆ.